ನಾವು ಕಟ್ಟುತ್ತಿದ್ದ ಹಳ್ಳಿ, ಭಾರತಿರಾಜ ತೋರಿಸಿದ ಹಳ್ಳಿ

ಮದರಾಸಿನ ವಡಪಳನಿಯ ವಾಹಿನಿ ಸ್ಟುಡಿಯೋದಲ್ಲಿ ನಮ್ಮ ಸೋದರಮಾವ ಸೆಟ್ ಬಡಗಿ. ಎಪ್ಪತ್ತರ ದಶಕದ ಆರಂಭದಲ್ಲಿ ಕೊಳ್ಳೇಗಾಲದ ಕಡೆಯಿಂದ ನನ್ನನ್ನು ಕರೆಸಿಕೊಂಡು ಅದೇ ಕೆಲಸಕ್ಕೆ ಹಚ್ಚಿದರು. ಕನ್ನಡ, ತಮಿಳು, ತೆಲುಗು ಚಿತ್ರಗಳೆಲ್ಲ ಆಗ ಅಕ್ಕಪಕ್ಕದ ಫ್ಲೋರ್‌ಗಳಲ್ಲೇ ತಯಾರಾಗುತ್ತಿದ್ದವು. ಹಳ್ಳಿ ಬೇಕೆಂದರೆ ಹಳ್ಳಿಯನ್ನೂ ಅಲ್ಲೇ ಕಟ್ಟುತ್ತಿದ್ದೆವು. ಪ್ಲೈವುಡ್ ಹೊಡೆದು, ಅದರ ಮೇಲೆ ಗೋಣಿತಟ್ಟು ಬಿಗಿದು, ಪ್ಲಾಸ್ಟರ್ ಬಳಿದು, ಒಣಗಿದ ಮೇಲೆ ಕೆಮ್ಮಣ್ಣಿನ ನೀರು ಎರಚಿದರೆ ಮಣ್ಣಿನ ಗೋಡೆ ಆಯಿತು. ಬಾವಿಗೆ ಕಟ್ಟೆ ಮಾತ್ರ, ಆಳವಿಲ್ಲ. ಶಾಟ್‌ಗೆ ಮುಂಚೆ ಹಗ್ಗವನ್ನೂ ಕೊಡವನ್ನೂ ಬಕೆಟ್ ನೀರಿನಲ್ಲಿ ಅದ್ದಿ ಕೊಡುವುದು ನನ್ನ ಪಾಲಿನ ಕೆಲಸ. ಹಿಂದೆ ಬಟ್ಟೆಯ ಮೇಲೆ ಬರೆದ ಆಕಾಶ, ಮೇಲೆ ದೊಡ್ಡ ದೊಡ್ಡ ದೀಪಗಳ ಬಿಸಿಲು. ನಾಯಕಿ ಇಸ್ತ್ರಿ ಮಾಡಿದ ಸೀರೆಯಲ್ಲಿ ನೀರು ಸೇದಲು ಬರುತ್ತಿದ್ದಳು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಒಂದು ರಾತ್ರಿಯಲ್ಲಿ ಒಂದು ಬೀದಿ ಎಬ್ಬಿಸುವ ಕೈಗಳು ಅಲ್ಲಿದ್ದವು.

1977ರ ಸೆಪ್ಟೆಂಬರಿನಲ್ಲಿ '16 ವಯದಿನಿಲೆ' ಬಂತು. ಮದರಾಸಿನ ಚಿತ್ರರಂಗದ ನೆಲೆ ಕೋಡಂಬಾಕ್ಕಂನಲ್ಲಿ ಅದರ ಮಾತೇ ಮಾತು. ಕಮಲ್ ಹಾಸನ್‌ ಅಂಥ ಚೆಲುವ ಕುಂಟುತ್ತಾ, ಎಲೆಅಡಿಕೆ ಜಗಿಯುತ್ತಾ ಚಪ್ಪಾಣಿಯಾಗಿದ್ದ. ಪರಟ್ಟೈ ಎಂಬ ಪೋಕರಿಯಾಗಿ ರಜನಿಕಾಂತ್, ಟೀಚರ್ ಆಗುವ ಕನಸಿನ ಮಯಿಲ್ ಆಗಿ ಶ್ರೀದೇವಿ. ಕ್ಯಾಮೆರಾ ಹಿಡಿದವರು ಕೇರಳದ ನಿವಾಸ್. ಇಳಯರಾಜಾ ಹಿಂದಿನ ವರ್ಷ 'ಅನ್ನಕ್ಕಿಳಿ'ಯಲ್ಲೇ ಹಳ್ಳಿಯ ರಾಗ ಕೇಳಿಸಿದ್ದರು. ಆದರೆ ಕಥೆಯನ್ನು ಹೆಚ್ಚುಕಡಿಮೆ ಪೂರಾ ಬಯಲಿನಲ್ಲೇ ನಡೆಸಿ, ಸ್ಟುಡಿಯೋಗೆ ಬೆನ್ನು ತಿರುಗಿಸುವ ಧೈರ್ಯ ಮಾಡಿದ್ದು ಈ ಹೊಸ ನಿರ್ದೇಶಕ. ತೇನಿ ಅಲ್ಲಿನಗರಂನವರು, ಹುಟ್ಟುಹೆಸರು ಚಿನ್ನಸಾಮಿ, ಚಿತ್ರರಂಗಕ್ಕೆ ಭಾರತಿರಾಜ.

ಆ ಬಯಲು ಯಾವುದು ಅಂತೀರಿ? ಚಿತ್ರೀಕರಣ ನಡೆದದ್ದು ಮೈಸೂರು, ಕೊಳ್ಳೇಗಾಲದ ಸುತ್ತ! 1956ರವರೆಗೆ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ತಮಿಳು ನಮಗೆ ದೂರದ್ದಲ್ಲ. ಆದರೂ ಮದರಾಸಿನ ಥಿಯೇಟರಿನಲ್ಲಿ ಕೂತು ನಮ್ಮ ಕಡೆಯ ಮಣ್ಣನ್ನು ತಮಿಳು ಹಳ್ಳಿಯಾಗಿ ನೋಡಿದಾಗ ಮೈ ಜುಮ್ಮೆಂದಿತು. ಮಣ್ಣು ನಮ್ಮದು, ಊರು ತೇನಿಯದ್ದೇ. ಗಾಂಧಿಮತಿಯ ಗುರುವಮ್ಮ ಬಾಯಿ ತೆರೆದರೆ ಹೊರಡುವ ಬೈಗುಳ, ಕಟ್ಟೆಯ ಮೇಲೆ ಕೂತು ಹೋಗಿಬರುವ ಹೆಣ್ಣುಮಕ್ಕಳನ್ನು ಅಳೆಯುವ ಪರಟ್ಟೈ ಗುಂಪು, ಪೇಟೆಯಿಂದ ಬಂದ ಪಶುವೈದ್ಯನನ್ನು ಮಯಿಲ್ ಕಣ್ಣರಳಿಸಿ ನೋಡುವ ರೀತಿ: ಇವನ್ನು ಯಾವ ಬಡಗಿಯೂ ಕಟ್ಟಿಕೊಡಲಾರ. ಹುಟ್ಟಿ ಬೆಳೆದವನೇ ತರಬೇಕು.

ಭಾರತಿರಾಜ ಯಾರ ಕೈಯಲ್ಲಿ ಪಳಗಿದರೋ ಅವರಲ್ಲಿ ನಮ್ಮ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಒಬ್ಬರು. 'ನಾಗರಹಾವು' ಚಿತ್ರಕ್ಕೆ ಚಿತ್ರದುರ್ಗದ ಬಂಡೆಗಳನ್ನೇ ಪಾತ್ರ ಮಾಡಿದ ಗುರುವಿನ ಬಳಿ ಸಹಾಯಕನಾಗಿದ್ದವರು ಅವರು. ನೆಲ, ನೀರು, ಗಾಳಿಯಿಂದ ಮನಸ್ಸಿನ ಮಾತು ಆಡಿಸುವ ಪುಟ್ಟಣ್ಣನವರ ರೀತಿ ಶಿಷ್ಯನ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಹಾಡುಗಳಲ್ಲಿ ಬಿಳಿ ಉಡುಪಿನ ಹುಡುಗಿಯರನ್ನು ನಿಧಾನಗತಿಯಲ್ಲಿ ಓಡಿಸುವುದು ಮಾತ್ರ ನನಗೆ ಒಗ್ಗಲಿಲ್ಲ. ಅಷ್ಟು ನಿಜವಾದ ಊರಿಗೆ ಆ ಅಪ್ಸರೆಯರು ಬೇಕಿರಲಿಲ್ಲ.

ಆಮೇಲೆ ಮುಖಗಳೂ ಬದಲಾದವು. 'ಕಿಳಕ್ಕೆ ಪೋಗುಂ ರೈಲ್'ನಲ್ಲಿ ರಾಧಿಕಾ, 'ಅಲೈಗಳ್ ಓಯ್‌ವದಿಲ್ಲೈ'ಯಲ್ಲಿ ಕಾರ್ತಿಕ್ ಮತ್ತು ರಾಧಾ, 'ಮಣ್ ವಾಸನೈ'ನಲ್ಲಿ ರೇವತಿ. ಆ ಕೊನೆಯ ಚಿತ್ರದ ನಾಯಕ ಪಾಂಡಿಯನ್ ಮಧುರೆಯಲ್ಲಿ ಬಳೆ ಮಾರುತ್ತಿದ್ದ ಹುಡುಗ. ಕಪ್ಪಗಿದ್ದೇನೆ ಎಂದು ಹಿಂಜರಿಯುತ್ತಿದ್ದ ಎಷ್ಟೋ ಹುಡುಗರು ಆಮೇಲೆ ಫೋಟೋ ಹಿಡಿದು ಕೋಡಂಬಾಕ್ಕಂನ ಬೀದಿಗಳಲ್ಲಿ ಧೈರ್ಯವಾಗಿ ಓಡಾಡಿದ್ದನ್ನು ಕಂಡಿದ್ದೇನೆ. ಭಾರತಿರಾಜರ ಸಹಾಯಕರಾಗಿದ್ದ ಭಾಗ್ಯರಾಜ್, ಮಣಿವಣ್ಣನ್, ಮನೋಬಾಲಾ ಸ್ವತಃ ನಿರ್ದೇಶಕರಾದರು.

ಚಿತ್ರಗಳು ಬಯಲಿಗೆ ಹೊರಟಂತೆ ನಮ್ಮ ಕಸುಬಿಗೆ ಪೆಟ್ಟು ಬಿತ್ತು. ಫ್ಲೋರ್ ಬುಕಿಂಗ್ ಇಳಿಯಿತು. ಹಗುರವಾದ ಆ್ಯರಿ ಕ್ಯಾಮೆರಾ, ಬೆಳ್ಳಿ ಕಾಗದದ ರಿಫ್ಲೆಕ್ಟರ್, ಜನರೇಟರ್ ವ್ಯಾನು ಇದ್ದರೆ ಸಾಕು, ಯೂನಿಟ್ ಹೊರಟೇಬಿಡುತ್ತಿತ್ತು. ಕ್ಯಾಮೆರಾ ಕರಕರ ಸದ್ದು ಮಾಡಿದರೂ ಚಿಂತೆಯಿಲ್ಲ, ಮಾತನ್ನು ಡಬ್ಬಿಂಗ್ ಥಿಯೇಟರಿನಲ್ಲಿ ಸೇರಿಸಿಕೊಳ್ಳುತ್ತಿದ್ದರು. ಮಾವ ಬೇಸತ್ತು ಊರಿಗೆ ಮರಳಿದರು. ನಾನು ಔಟ್‌ಡೋರ್ ಯೂನಿಟ್ಟುಗಳ ಜೊತೆ ಹೊರಟೆ. ಕೆಲಸ ತಲೆಕೆಳಗಾಯಿತು. ಕಟ್ಟುವ ಬದಲು ಇರುವುದನ್ನು ಮರೆಮಾಡಬೇಕು. ಕರೆಂಟ್ ಕಂಬಕ್ಕೆ ತೆಂಗಿನ ಗರಿ ಸುತ್ತುವುದು, ಗೋಡೆಯ ಮೇಲಿನ ಚುನಾವಣೆಯ ಬರಹಕ್ಕೆ ಸಗಣಿ ಸಾರಿಸುವುದು, ಜಗಲಿಯ ಪ್ಲಾಸ್ಟಿಕ್ ಕೊಡ ಒಳಗಿಟ್ಟು ಆ ಮನೆಯಾಕೆಯ ಹಿತ್ತಾಳೆ ಕೊಡ ಬೇಡಿ ತರುವುದು. ಕೊಡ ಕೊಟ್ಟ ಹೆಂಗಸು ಪ್ಯಾಕಪ್ ಆಗುವವರೆಗೂ ಅಲ್ಲೇ ನಿಂತು ಅದನ್ನೇ ನೋಡುತ್ತಿದ್ದಳು. ಸ್ಟುಡಿಯೋದಲ್ಲಿ ನಾವು ಕಟ್ಟಿದ ಯಾವ ಮನೆಯಲ್ಲೂ ಅಂಥ ಒಬ್ಬ ಯಜಮಾನಿ ಇರಲಿಲ್ಲ.

1985ರ 'ಮುದಲ್ ಮರಿಯಾದೈ'ಗೆ ಭಾರತಿರಾಜ ಮತ್ತೆ ನಮ್ಮ ಕಾವೇರಿ ದಂಡೆಗೇ ಬಂದರು, ಶಿವನಸಮುದ್ರ, ತಲಕಾಡಿನ ಕಡೆಗೆ. ಅಬ್ಬರಕ್ಕೆ ಹೆಸರಾದ ಶಿವಾಜಿ ಗಣೇಶನ್ ಅದರಲ್ಲಿ ದನಿ ತಗ್ಗಿಸಿ, ಕಣ್ಣಿನಲ್ಲೇ ಮುಗಿಸಿದರು. ದೋಣಿ ನಡೆಸುವ ಹುಡುಗಿಗೂ ವಯಸ್ಸಾದ ದೊಡ್ಡ ಮನುಷ್ಯನಿಗೂ ನಡುವಿನ ಪ್ರೀತಿಯನ್ನು ಊರಿನ ಕಣ್ಣೆದುರೇ ಇಟ್ಟು, ಒಂದು ಕಡೆಯೂ ಕೀಳಾಗದಂತೆ ಕೊನೆ ಮುಟ್ಟಿಸಿದ್ದು ದೊಡ್ಡ ಸಾಧನೆ.

ಆದರೆ ನನಗೆ ಅವರು ಇನ್ನೂ ದೊಡ್ಡವರಾಗಿ ಕಂಡದ್ದು ತಾನು ಪ್ರೀತಿಸಿದ ಊರನ್ನೇ ಕಟಕಟೆಗೆ ಹತ್ತಿಸಿದಾಗ. 1987ರ 'ವೇದಂ ಪುದಿದು'ವಿನಲ್ಲಿ ಸತ್ಯರಾಜ್‌ ಅವರ ಬಾಲು ತೇವರ್‌ಗೆ ಬ್ರಾಹ್ಮಣ ಹುಡುಗನೊಬ್ಬ ಕೇಳುತ್ತಾನೆ, ಬಾಲು ನಿಮ್ಮ ಹೆಸರು, ತೇವರ್ ಅನ್ನೋದು ನೀವು ಓದಿ ಪಡೆದ ಪದವಿಯಾ ಎಂದು. ಜಾತಿಯ ಹೆಸರನ್ನೇ ಹೊತ್ತ ತೇವರ್ ಕೆನ್ನೆಗೆ ಏಟು ಬಿದ್ದವರಂತೆ ನಿಲ್ಲುತ್ತಾರೆ. ನಮ್ಮ ಯೂನಿಟ್ಟಿನಲ್ಲಿ ಹೆಸರಿನ ಜೊತೆ ಜಾತಿ ಸೇರಿಸಿಯೇ ಕೂಗುವ ರೂಢಿಯಿತ್ತು. ಆ ಚಿತ್ರ ಬಂದ ಮೇಲೆ ಲೈಟ್ ಬಾಯ್‌ಗಳು ಊಟದ ಸಾಲಿನಲ್ಲಿ ಅದೇ ಪ್ರಶ್ನೆ ಹಾಕಿ ಹಿರಿಯರನ್ನು ನಿಲ್ಲಿಸುತ್ತಿದ್ದರು.

ವಾಹಿನಿಯ ಜಾಗದಲ್ಲಿ ಈಗ ಮಾಲ್ ಇದೆ. ಕಲಾ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು ಭಾರತಿರಾಜರ ಯಾವ ಚಿತ್ರ ಮೊದಲು ನೋಡಲಿ ಎಂದು ಕೇಳುತ್ತಾರೆ. ನಾನು 1994ರ 'ಕರುತ್ತಮ್ಮ' ಎನ್ನುತ್ತೇನೆ. ಹೆಣ್ಣುಕೂಸನ್ನು ಹುಟ್ಟಿದ ಕೂಡಲೇ ಕೊಲ್ಲುತ್ತಿದ್ದ ಮಧುರೆ ಸೀಮೆಯ ಕಥೆ ಅದು. ಕೊಲ್ಲಲು ಕಳಿಸಿದ ಮಗು ಬದುಕಿ, ಓದಿ, ಡಾಕ್ಟರಾಗಿ ಅದೇ ಊರಿಗೆ ಬರುತ್ತಾಳೆ. ಅದೇ ಮಣ್ಣಿನ ಗೋಡೆ, ಅದೇ ಜಗಲಿ, ಅದೇ ಬೆಳಕು. '16 ವಯದಿನಿಲೆ'ಯಲ್ಲಿ ನಾವು ಮನಸೋತ ಆ ಚೆಂದದ ಮನೆಗಳ ಒಳಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಅದೇ ಊರಿನ ಮಗ ಬಾಗಿಲು ತೆರೆದು ತೋರಿಸಿದ್ದು ಅಲ್ಲಿ.