ಅಂಗಾಲಿನ ತಾಳೆಪಟ್ಟಿ

ಮುಂಬಯಿಯಲ್ಲಿ ಮನುಷ್ಯನ ದೊಡ್ಡ ಆಸ್ತಿ ಅವನ ಫ್ಲ್ಯಾಟು ಅಂತಾರೆ. ನನ್ನ ಲೆಕ್ಕದಲ್ಲಿ ಅದು ಅವನ ಎರಡು ಕಾಲು. ಫೈವ್ ಗಾರ್ಡನ್ಸ್‌ನಲ್ಲಿ ಸಂಜೆ ನಾಲ್ಕು ಸುತ್ತು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವಿದ್ದರೆ ಅಲ್ಲಿಗೂ ನಡೆದೇ ಹೋಗುವುದು. ನಿವೃತ್ತನಾದ ಮೇಲೆ ನನ್ನ ಕಿವಿಗೆ ಕನ್ನಡ ಬೀಳುವುದೇ ಈ ನಡಿಗೆಯಿಂದ.

ಅಂಥದರಲ್ಲಿ ಹಿಮ್ಮಡ ನೋವು ಹಿಡಿಯಿತು. ಬೆಳಿಗ್ಗೆ ಮೊದಲ ಹೆಜ್ಜೆ ಇಟ್ಟರೆ ಮುಳ್ಳು ಚುಚ್ಚಿದ ಹಾಗೆ. ಡಾಕ್ಟರು ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟು, ಅಂಗಾಲಿಗೆ ಆಧಾರ ಕೊಡುವ ಸ್ಯಾಂಡಲ್ ನೋಡಿ ಅಂದರು.

ನಾನೋ ಅಥಣಿ ಕಡೆಯವನು. ಲೋಕವೆಲ್ಲ ಕೊಲ್ಹಾಪುರಿ ಅನ್ನುವ ಚಪ್ಪಲಿಯನ್ನು ನಮ್ಮಲ್ಲೂ ಹೊಲಿಯುತ್ತಾರೆ. 2019ರಲ್ಲಿ ಅದಕ್ಕೆ ಜಿ.ಐ. ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಆ ತೊಗಲು ಮೆಟ್ಟಿದಷ್ಟೂ ಪಾದಕ್ಕೆ ಒಗ್ಗುತ್ತದೆ. ಆದರೆ ತಳ ಚಪ್ಪಟೆ. ಹೊಸ ನಮೂನೆಯದರಲ್ಲಿ ಹಿಮ್ಮಡಕ್ಕೆ ಬಟ್ಟಲಿನಂಥ ತಗ್ಗು, ನಡುವೆ ಉಬ್ಬು ಮೊದಲೇ ಇರುತ್ತದೆ. ಆ ಉಬ್ಬು ನಮ್ಮ ಕಾಲಿಗೆ ಹೊಂದುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ.

"ರೊಕ್ಕಾ ಕೊಡೂಕಿಂತ ಮೊದಲ ಕಾಲಿಗೆ ಕೇಳ್ರಿ," ಅಂದಳು ಮನೆಯಾಕೆ. ಕೇಳಿದೆ. ಒದ್ದೆ ಪಾದವನ್ನು ಹಳೆಯ ಪೇಪರಿನ ಮೇಲೆ ಊರಿದರೆ ಅಂಗಾಲಿನ ಜಾತಕ ಬರುತ್ತದೆ. ಪಾದ ಪೂರ್ತಿ ಮೂಡಿದರೆ ಚಪ್ಪಟೆ ಪಾದ; ನಡುವೆ ಹೊರ ಅಂಚಿನ ಸಣ್ಣ ಪಟ್ಟಿಯಷ್ಟೇ ಮೂಡಿದರೆ ಎತ್ತರದ ಕಮಾನು. ಚಪ್ಪಟೆ ಪಾದಕ್ಕೆ ಎತ್ತರದ, ಗಟ್ಟಿ ಉಬ್ಬು ಒತ್ತಬಹುದು.

ಅಂಗಡಿಗೆ ಸಂಜೆ ಹೋಗಿ. ಆ ಹೊತ್ತಿಗೆ ಕಾಲು ತುಸು ಊದಿರುತ್ತದೆ. ಕೂತು ನೋಡಬೇಡಿ, ಎರಡೂ ಕಾಲಿಗೆ ಹಾಕಿಕೊಂಡು ನಡೆಯಿರಿ. ಹಿಮ್ಮಡ ತಗ್ಗಿನೊಳಗೇ ಕೂತಿರಬೇಕು, ಉಬ್ಬು ನಿಮ್ಮ ಕಮಾನಿನ ಕೆಳಗೇ ಬರಬೇಕು, ಬೆರಳುಗಳು ಆಡುವಷ್ಟು ಜಾಗ ಇರಬೇಕು. ಉದ್ದ ಸರಿಯಿದ್ದರೂ ಉಬ್ಬು ಹಿಂದೆಮುಂದೆ ಆದರೆ ಅದು ನಿಮ್ಮದಲ್ಲ.

ಹೊಸದು ಮೊದಮೊದಲು ವಿಚಿತ್ರ ಅನ್ನಿಸುವುದು ಸಹಜ. ದಿನಕ್ಕೆ ಒಂದೆರಡು ತಾಸು ಮನೆಯಲ್ಲೇ ಹಾಕಿ, ಮೆಲ್ಲಗೆ ಹೆಚ್ಚಿಸಿ. ಚುಚ್ಚುವ ನೋವು, ಜೋಮು, ಬೊಬ್ಬೆ ಬಂದರೆ ಮಾತ್ರ 'ಒಗ್ಗುತ್ತದೆ' ಅಂತ ತಡೆದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಕಾಲನ್ನು ನಂಬದೆ ಡಾಕ್ಟರನ್ನೇ ಕೇಳಬೇಕು. ಇನ್ನು ಕಾರ್ಕ್ ತಳದ್ದು ನೀರಿನಲ್ಲಿ ನೆನೆದರೆ ಕೆಡುತ್ತದೆ. ಮುಂಬಯಿ ಮಳೆಗೆ ಅದಲ್ಲ.

ನಾನು ತುಟ್ಟಿಯದನ್ನು ಬಿಟ್ಟು, ಉಬ್ಬು ಕಡಿಮೆಯಿರುವ, ಹಿಂದೆ ಪಟ್ಟಿಯಿರುವ ರಬ್ಬರ್ ತಳದ್ದು ತಂದೆ. ಈಗ ಬೆಳಗಿನ ಮುಳ್ಳು ಮೊಂಡಾಗಿದೆ. ಸಂಜೆಯ ನಾಲ್ಕು ಸುತ್ತು ಖಾತೆಗೆ ಮತ್ತೆ ಜಮೆಯಾಗುತ್ತಿದೆ. ಅಥಣಿಯ ಜೋಡು ಕಪಾಟಿನಲ್ಲಿದೆ, ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಮದುವೆ ಮುಂಜಿಗೆ ಹಾಕುತ್ತೇನೆ, ಅದೂ ಕೂತು ಉಣ್ಣುವಂಥ ಮದುವೆಗೆ.