ಒಂದೇ ತಂತಿಯ ವಿನಯ

ನಮ್ಮೂರಿನ ಕೇಬಲ್ ಹುಡುಗನಿಗೆ ಫೋನ್ ಮಾಡುವಾಗ ನನ್ನ ದನಿ ಬದಲಾಗುತ್ತದೆ. ಇದನ್ನು ಮೊದಲು ಪತ್ತೆಹಚ್ಚಿದವಳು ಹೆಂಡತಿ. 'ನಿಮ್ಮಪ್ಪನ ಹತ್ತಿರವೂ ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕಂಡಿಲ್ಲ' ಅಂದಳು. ಊಟ ಆಯ್ತಾ ಎಂಬಲ್ಲಿಂದ ಶುರುಮಾಡಿ ಅವರಮ್ಮನ ಮಂಡಿನೋವು, ಈ ಸಲದ ಕೊಳೆರೋಗ, ಬೈಕಿನ ಕ್ಲಚ್ಚು ಎಲ್ಲ ವಿಚಾರಿಸಿ, ಆಮೇಲೆ ಆಗಷ್ಟೇ ನೆನಪಾದವನಂತೆ 'ಅಂದಹಾಗೆ ನೆಟ್ಟು ಸ್ವಲ್ಪ ಕೆಂಪು ಲೈಟು ತೋರಿಸ್ತಾ ಇದೆ ಮಾರಾಯ, ಈ ಕಡೆ ಬಂದಾಗ ನೋಡ್ತೀಯಾ' ಎನ್ನುತ್ತೇನೆ. ಲೈಟು ಬೆಳಗಿನಿಂದ ಕೆಂಪಗೇ ಇರುತ್ತದೆ. 'ಸ್ವಲ್ಪ' ಎಂಬುದು ನನ್ನ ಸೇರ್ಪಡೆ.

ಬೆಂಗಳೂರಿನಲ್ಲಿದ್ದಾಗ ನಾನು ಹೀಗಿರಲಿಲ್ಲ. ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಇಂಟರ್ನೆಟ್ ಕಂಪನಿಗಳ ಜಾಹೀರಾತು ಒಂದರ ಮೇಲೊಂದು ಅಂಟಿರುತ್ತಿತ್ತು. ಅರ್ಧ ಗಂಟೆ ನೆಟ್ ಹೋದರೆ ಸಾಕು, ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ 'ನಿಮ್ಮ ಮ್ಯಾನೇಜರ್‌ಗೆ ಕೊಡಿ' ಎನ್ನುತ್ತಿದ್ದೆ. ನಾಳೆಯೇ ಬೇರೆ ಕಂಪನಿಗೆ ಹೋಗುತ್ತೇನೆ ಎನ್ನುತ್ತಿದ್ದೆ, ಹೋಗುತ್ತಲೂ ಇದ್ದೆ. ಆ ತುದಿಯಲ್ಲಿದ್ದವರ ಹೆಸರು ಕೇಳುತ್ತಿದ್ದದ್ದು ದೂರಿನಲ್ಲಿ ನಮೂದಿಸುವುದಕ್ಕೆ ಮಾತ್ರ. ಅವರಿಗೂ ಒಬ್ಬ ಅಮ್ಮ, ಆಕೆಗೂ ಒಂದು ಮಂಡಿ ಇದ್ದೀತು ಎಂಬುದು ತಲೆಗೆ ಹೊಳೆದೇ ಇರಲಿಲ್ಲ.

ಊರಿಗೆ ಮರಳಿದವರು ಬರೆಯುವ ಬರಹಗಳಲ್ಲಿ ಹಳ್ಳಿ ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂಬ ಸಾಲು ಎಲ್ಲಾದರೂ ಇದ್ದೇ ಇರುತ್ತದೆ. ನನ್ನ ವಿಷಯದಲ್ಲಿ ಅದನ್ನು ಬರೆದುಬಿಡುವ ಮುಂಚೆ ಒಂದಷ್ಟು ಲೆಕ್ಕ ನೋಡಬೇಕಿದೆ.

ನಾವಿರುವುದು ಸಾಗರ ತಾಲ್ಲೂಕಿನ ಒಳಗೆ, ಶರಾವತಿ ಹಿನ್ನೀರಿನ ಕಡೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಅದೃಷ್ಟ ಕೆಟ್ಟಿದ್ದರೆ ಒಂದು ಗುಡ್ಡ. ಮೊಬೈಲ್ ಸಿಗ್ನಲ್ ಸಿಗುವುದು ಮನೆಯ ಹಿಂದಿನ ದರೆ ಹತ್ತಿ, ಸೊಪ್ಪಿನ ಬೆಟ್ಟದ ಅಂಚಿಗೆ ಹೋದರೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಅದೂ ಇಲ್ಲ. ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಬರುತ್ತಿತ್ತು ನಿಜ, ಆದರೆ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಆ ತಂತಿಯಲ್ಲಿ ಡೇಟಾದ ಸತ್ವವೇ ಉಳಿಯುವುದಿಲ್ಲ. ಗುಡ್ಡದ ತುದಿಯಿಂದ ತುದಿಗೆ ಡಿಶ್ ಕೂರಿಸಿ ರೇಡಿಯೋ ಮೂಲಕ ನೆಟ್ ಕೊಡುವ ವ್ಯವಸ್ಥೆಯೊಂದಿದೆ. ಅದಕ್ಕೆ ಎರಡು ಡಿಶ್‌ಗಳು ಒಂದರ ಮುಖ ಇನ್ನೊಂದು ನೋಡಬೇಕು. ನಮ್ಮ ಮನೆಯಿಂದ ಕಾಣುವುದು ಅಡಿಕೆ ತಲೆಗಳು ಮಾತ್ರ.

ದೇಶದಲ್ಲಿ 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಗ್ರಾಮ ಪಂಚಾಯಿತಿಗಳಿಗೆಲ್ಲ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿದೆ, ಭಾರತ್‌ನೆಟ್ ಎಂಬ ಹೆಸರು ಬಂದದ್ದು ಆಮೇಲೆ. ಈ ವರ್ಷಗಳೆಲ್ಲ ನನಗೆ ಬಾಯಿಪಾಠ. ಪಂಚಾಯಿತಿ ಕಟ್ಟೆಯ ಮೇಲೆ ಕೂತು ಇವನ್ನು ಒಪ್ಪಿಸುವಾಗ ಜನ ಗೌರವದಿಂದ ಕೇಳುತ್ತಾರೆ. ಪಂಚಾಯಿತಿಯವರೆಗೆ ಬಂದ ಫೈಬರ್ ನಮ್ಮ ಅಂಗಳಕ್ಕೆ ಬರಬೇಕಾದರೆ ಯಾರೋ ಒಬ್ಬ ಏಣಿ ಹೆಗಲಿಗೇರಿಸಿ ಹಳ್ಳ ದಾಟಬೇಕು ಎಂಬುದು ಬಾಯಿಪಾಠದಲ್ಲಿ ಇರಲಿಲ್ಲ.

ಆ ಒಬ್ಬ ನಮ್ಮ ಈ ಕೇಬಲ್ ಹುಡುಗನೇ. ಅವರಪ್ಪ ಟಿವಿ ಕೇಬಲ್ ಎಳೆದವರು. ಇವನು ಅದೇ ಕಂಬ, ಅದೇ ಮರಗಳ ಮೇಲೆ ಫೈಬರ್ ಎಳೆದ. ಮೊದಮೊದಲು ನಾನು ಅವನ ಗುತ್ತಿಗೆ ಕಂಪನಿಯನ್ನು, ಅವನನ್ನು, ಒಟ್ಟಾರೆ ಮಲೆನಾಡನ್ನು ಒಳಗೊಳಗೇ ಬೈಯುತ್ತಿದ್ದೆ: ಇಲ್ಲಿ ಇನ್ನೊಬ್ಬ ಯಾಕೆ ಬರುವುದಿಲ್ಲ, ಪೈಪೋಟಿ ಇದ್ದಿದ್ದರೆ ಇವನಿಗೆ ಗೊತ್ತಾಗುತ್ತಿತ್ತು ಎಂದು. ಆಮೇಲೆ ಒಂದು ದಿನ ಜಗಲಿಯಲ್ಲಿ ಚಹಾ ಕುಡಿಯುತ್ತ ಅವನೇ ಲೆಕ್ಕ ಬಿಡಿಸಿ ಹೇಳಿದ. ಪೇಟೆಯಲ್ಲಿ ಒಂದು ಸ್ಪ್ಲಿಟರ್ ಪೆಟ್ಟಿಗೆ ಕೂರಿಸಿದರೆ ಒಂದೇ ಮಹಡಿಯ ಎಂಟು ಮನೆಗೆ ಎಂಟು ತುಂಡು ತಂತಿ ಸಾಕು. ಇಲ್ಲಿ ಎಂಟು ಮನೆಗೆ ಎಂಟು ದಿಕ್ಕು. ಬೆಳಕು ಎಂಟು ಪಾಲಾದರೆ ಸುಮಾರು ಹತ್ತು ಡೆಸಿಬೆಲ್ ಅಲ್ಲೇ ಹೋಯಿತು. ಅದರ ಮೇಲೆ ದೂರದ ನಷ್ಟ, ಕಡಿದಲ್ಲಿ ಬೆಸೆದ ನಷ್ಟ. ಮೀಟರಿನಲ್ಲಿ ಮೈನಸ್ 27ರ ಕೆಳಗೆ ಇಳಿದರೆ ನಮ್ಮ ಮನೆಯ ಪೆಟ್ಟಿಗೆಗೆ ಬೆಳಕು ಕಾಣುವುದಿಲ್ಲ. 'ನಿಮ್ಮದು 25 ಇದೆ ಸಾರ್, ಇನ್ನೊಂದು ಸಲ ತಂತಿ ಮೇಲೆ ಅಡಿಕೆ ಸೋಗೆ ಬಿದ್ರೆ ನಾನೂ ಏನೂ ಮಾಡಕ್ಕಾಗಲ್ಲ' ಎಂದ. ನಾನು ಕೊಡುವ ತಿಂಗಳ ಬಾಡಿಗೆ ಬೆಂಗಳೂರಿನಷ್ಟೇ. ನನ್ನ ಮನೆಗೆ ಬಿದ್ದ ತಂತಿಯ ಉದ್ದದಲ್ಲಿ ಅಲ್ಲಿ ಒಂದು ಇಡೀ ಕಟ್ಟಡಕ್ಕೆ ನೆಟ್ ಕೊಡಬಹುದು. ಎರಡನೆಯ ಕಂಪನಿ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೊದಲನೆಯದು ಯಾಕೆ ಬಂತು ಎಂಬುದೇ ಸೋಜಿಗ.

ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ, ಅಡಿಕೆ ಕೊಯ್ಯುವ ಕೊನೆಗೌಡರ ದೋಟಿ ತಗಲುತ್ತದೆ. ಆಗ ಅವನು ಬರುತ್ತಾನೆ. ಒಂದು ಸಲ ಆಷಾಢದ ಮಳೆಯಲ್ಲಿ ತೋಟದ ಅಂಚಿನಲ್ಲೇ ಬೆಸೆಯಬೇಕಾಯಿತು. ನಾನು ಛತ್ರಿ ಹಿಡಿದಿದ್ದೆ, ಅವನಿಗಲ್ಲ, ಬೆಸುಗೆಯ ಯಂತ್ರಕ್ಕೆ. ಕಪ್ಪು ಕವಚ ಸುಲಿದು, ಒಳಗಿನ ಬಣ್ಣದ ಪದರ ಕೆರೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಉಳಿದದ್ದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪದ ಗಾಜಿನ ಎಳೆ. ಅದನ್ನು ಚಿಟಕ್ಕನೆ ಕತ್ತರಿಸಿ ಎರಡು ತುದಿ ಯಂತ್ರದೊಳಗೆ ಇಟ್ಟ. ಪುಟ್ಟ ಪರದೆಯ ಮೇಲೆ ಎರಡೂ ತುದಿ ದೊಡ್ಡದಾಗಿ ಕಂಡವು, ತಾವಾಗಿಯೇ ಆಚೀಚೆ ಸರಿದು ಒಂದರ ಎದುರು ಒಂದು ನಿಂತವು, ಒಂದು ಕಿಡಿ ಹಾರಿತು. ನಷ್ಟ 0.02 ಡೆಸಿಬೆಲ್ ಎಂದು ತೋರಿಸಿತು. ಅವನ ಬೆನ್ನ ಮೇಲೆ ನೀರು ಇಳಿಯುತ್ತಿತ್ತು, ಕಾಲಿಗೆ ಉಂಬಳ ಹತ್ತಿತ್ತು. ಎಷ್ಟು ಚೆಂದದ ಕೆಲಸ ಎಂದು ಮನಸ್ಸು ತುಂಬಿ ಬಂದದ್ದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ನನ್ನ ಕಣ್ಣು ಕೈಗಡಿಯಾರದ ಮೇಲೂ ಇತ್ತು. ಮೂರು ಗಂಟೆಗೆ ಮೀಟಿಂಗ್.

ಈ ಎರಡರಲ್ಲಿ ಯಾವುದು ನಾನು? ಎರಡೂ ಎಂದರೆ ತಪ್ಪಿಸಿಕೊಂಡಂತಾಗುತ್ತದೆ. ಹಾಗಾಗಿ ಇನ್ನೊಂದು ಪ್ರಸಂಗ ಹೇಳುತ್ತೇನೆ.

ಗಾಳಿಮಳೆಗೆ ಮುಖ್ಯ ಲೈನೇ ಹರಿದುಬಿದ್ದಾಗ ಅವನು ಎಲ್ಲರ ಮನೆಗೂ ಏಕಕಾಲಕ್ಕೆ ಹೋಗಲಾರ. ಅವನ ತಲೆಯಲ್ಲಿ ಒಂದು ಸರದಿ ಇದೆ. ಮೊದಲು ನ್ಯಾಯಬೆಲೆ ಅಂಗಡಿ, ಯಾಕೆಂದರೆ ಬೆರಳಚ್ಚು ಹೋಗಿ ಸರ್ವರಿಗೆ ಮುಟ್ಟದಿದ್ದರೆ ಅಕ್ಕಿ ಇಲ್ಲ, ಅಷ್ಟು ದೂರ ನಡೆದು ಬಂದವರು ಚೀಲ ಮಡಚಿಕೊಂಡು ವಾಪಸು ಹೋಗಬೇಕು. ಆಮೇಲೆ ಸೊಸೈಟಿ. ಆಮೇಲೆ ಮಗ ಪರದೇಶದಲ್ಲಿರುವ ಒಬ್ಬಂಟಿ ಅಜ್ಜಿಯ ಮನೆ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗಳು ಅದಾದ ಮೇಲೆ. ನಾನು ಎಲ್ಲೋ ಕೆಳಗೆ. ಇದನ್ನು ಅವನು ಯಾರಿಗೂ ಹೇಳಿಲ್ಲ, ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಹೀಗೊಂದು ಸರದಿ ಇದೆ ಎಂದು ಗೊತ್ತಾದಾಗ ನಾನು ಎಲ್ಲರೆದುರು ಅದನ್ನು ಹೊಗಳಿದೆ, ಸರ್ಕಾರದ ಯಾವ ಕಚೇರಿಯಲ್ಲೂ ಇಂಥ ವಿವೇಕ ಇಲ್ಲ ಎಂದೆ. ಮರುವಾರ ಅವನ ಮನೆಗೆ ನಮ್ಮ ಮನೆಯ ಹಲಸಿನ ಹಪ್ಪಳದ ಕಟ್ಟು, ಜೇನುತುಪ್ಪದ ಬಾಟಲಿ ಹೋದವು. ಅದನ್ನು ನಾನು ಪ್ರೀತಿ ಎಂದೇ ಕರೆದೆ. ಪ್ರೀತಿ ಇಲ್ಲದಿರಲಿಲ್ಲ ಕೂಡ. ಆದರೆ ಹಾಲು ಹಾಕುವವಳಿಗೆ, ಕಾಳುಮೆಣಸು ಕೊಯ್ಯುವವನಿಗೆ, ಅಂಚೆಯವರಿಗೆ ಆ ವರ್ಷ ಜೇನುತುಪ್ಪ ಹೋಗಲಿಲ್ಲ. ಪ್ರೀತಿಗೆ ಇಷ್ಟು ಖಚಿತವಾದ ವಿಳಾಸ ಹೇಗೆ ಸಿಕ್ಕಿತು ಎಂದು ಕೇಳಿಕೊಂಡರೆ ಉತ್ತರಕ್ಕೆ ತಡಕಾಡಬೇಕಿಲ್ಲ.

ಹಪ್ಪಳ ತಿಂದ ಮೇಲೂ ಅವನು ಸರದಿ ಬದಲಿಸಲಿಲ್ಲ. ಮುಂದಿನ ಗಾಳಿಮಳೆಯಲ್ಲಿ ನಾನು ದಣಪೆಯ ಬಳಿ ನಿಂತು ಅವನ ಬೈಕು ನಮ್ಮ ದಾರಿ ಬಿಟ್ಟು ನ್ಯಾಯಬೆಲೆ ಅಂಗಡಿಯ ಕಡೆ ಹೋಗುವುದನ್ನು ನೋಡಿದೆ. ಅಂದು ನನಗೆ ಬಂದದ್ದು ಸಿಟ್ಟು, ಬೆಂಗಳೂರಿನ ಅದೇ ಹಳೇ ಸಿಟ್ಟು. ಮ್ಯಾನೇಜರ್‌ಗೆ ಕೊಡಿ ಎನ್ನಲು ಇಲ್ಲಿ ಮ್ಯಾನೇಜರ್ ಇಲ್ಲ, ಅಷ್ಟೇ ವ್ಯತ್ಯಾಸ.

ನನಗೆ ನೆಟ್ ಬೇಕಾದದ್ದಾದರೂ ಯಾತಕ್ಕೆ? ಹೊಟ್ಟೆಪಾಡು ಎನ್ನುತ್ತೇನೆ, ಸಾಫ್ಟ್‌ವೇರ್ ಕಂಪನಿಗೆ ಕೈಪಿಡಿ ಬರೆಯುವ ಕೆಲಸ. ಅದು ನಿಜ. ಆದರೆ 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ ಊರಿಗೆ ಬಂದವನು ಎಲ್ಲಿದ್ದೇನೆಂದು ಆಫೀಸಿಗೆ ಗೊತ್ತಾಗದಿರಲಿ ಎಂದು ಇಂದಿಗೂ ಹೆಣಗುತ್ತೇನೆ. ಕಪ್ಪೆಯ ವಟವಟ ಶುರುವಾದರೆ ಮ್ಯೂಟ್. ಹಿಂದೆ ಅಡಿಕೆ ಸುಲಿಯುವವರು ಕೂತರೆ ಪರದೆಗೆ ಪುಸ್ತಕದ ಕಪಾಟಿನ ಚಿತ್ರ. ಊರು ಬೇಕು, ಊರಿನ ದೂರ ಬೇಡ. ಜತೆಗೆ ಬೇಡದ ಮೀಟಿಂಗ್ ಬಂದ ದಿನ 'ಇಲ್ಲಿ ನೆಟ್ ಇಲ್ಲ' ಎನ್ನುವ ಅನುಕೂಲವೂ ಕೈಬಿಡಬಾರದು. ಹಾಗೆ ಹೇಳುವಾಗ ಹಸಿರು ಲೈಟು ನನ್ನ ಮುಖಕ್ಕೇ ಮಿನುಗುತ್ತಿರುತ್ತದೆ.

ದೂರದ ಮಾತು ಬಂದರೆ, ಹಿನ್ನೀರಿನ ಆಚೆಯ ಜನಕ್ಕೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಹತ್ತಿರದ ದಾರಿಯೆಂದು ಉಳಿದದ್ದು ಲಾಂಚ್ ಒಂದೇ. ನಾಡಿಗೆಲ್ಲ ಕರೆಂಟು ಕೊಡಲು ಗದ್ದೆ ಮುಳುಗಿಸಿಕೊಂಡವರು, ಕೊನೆಯ ಲಾಂಚ್ ತಪ್ಪಿದರೆ ಬೆಳಗಿನವರೆಗೆ ಈ ದಡದಲ್ಲೇ ಉಳಿಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಆ ಕಡೆಯ ಹಿರಿಯರೊಬ್ಬರ ಜತೆ ಬಸ್ಸಿಗೆ ಕಾಯುತ್ತ ನಾನು ನನ್ನ ನೆಟ್ಟಿನ ಗೋಳು ತೋಡಿಕೊಂಡೆ. ಅವರು ಪೂರ್ತಿ ಕೇಳಿ, 'ಎಷ್ಟು ದಿನ ಆಯ್ತು ಹೋಗಿ?' ಎಂದರು. ಎರಡು ದಿನ ಎನ್ನಲು ನಾಲಿಗೆ ಬರಲಿಲ್ಲ. 'ಸುಮಾರು ದಿನ ಆಯ್ತು' ಎಂದೆ.

2025ರ ಜೂನ್‌ನಲ್ಲಿ, ಉಪಗ್ರಹದಿಂದ ನೇರ ಮನೆಗೆ ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಪರವಾನಗಿ ಸಿಕ್ಕಿತೆಂಬ ಸುದ್ದಿ ಬಂದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹಳೆಯ ಉಪಗ್ರಹಗಳು 36,000 ಕಿಲೋಮೀಟರ್ ಮೇಲಿದ್ದವು, ಮಾತು ಹೋಗಿ ಬರುವಷ್ಟರಲ್ಲಿ ಮೀಟಿಂಗಿನ ವಿಷಯವೇ ಬದಲಾಗಿರುತ್ತಿತ್ತು. ಇವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕಂಬ ಬೇಡ, ಸೋಗೆಯ ಭಯ ಬೇಡ, ಸರದಿ ಬೇಡ. ಆಕಾಶ ಮಾತ್ರ ತೆರೆದಿರಬೇಕು. ನಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಆಕಾಶಕ್ಕೆ ಅಡ್ಡವಾಗಿರುವುದು ಅಜ್ಜ ನೆಟ್ಟ ಹಲಸಿನ ಮರ, ಹಪ್ಪಳದ ಆ ಮರ. ಸೇವೆ ಊರಿಗೆ ಬರುವ ಮೊದಲೇ, ಮರದ ನೆರಳಿಗೆ ಹಂಚಿನ ಮೇಲೆ ಪಾಚಿ ಕಟ್ಟುತ್ತಿದೆ ಎಂದು ಮನೆಯಲ್ಲಿ ಒಂದು ಮಾತು ಹಾಕಿ ಇಟ್ಟಿದ್ದೇನೆ.

ಮೊನ್ನೆ ಲೈನ್ ಸರಿಮಾಡಲು ಬಂದವನು ಗೋಡೆಯ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾಗ ಕೇಳಿದ: 'ಸಾರ್, ಆ ಡಿಶ್ಶು ಬಂದ್ರೆ ನಮ್ಮ ಲೈನ್ ತೆಗೆಸ್ತೀರಾ?'

'ಛೆ, ಛೆ. ಇದು ಇರ್ಲೇಬೇಕು. ಎರಡೂ ಇಟ್ಕೊಳ್ಳೋದು' ಎಂದೆ ತಡವರಿಸದೆ.

ಅವನ ಕೈಯಲ್ಲಿ ಆಗ ನಮ್ಮ ಮನೆಯ ಎಳೆ ಇತ್ತು, ಸಂಜೆ ನಾಲ್ಕಕ್ಕೆ ಮೀಟಿಂಗ್ ಇತ್ತು. ತಿಂಗಳಿಗೆ ಎರಡೆರಡು ಬಿಲ್ಲು ಕಟ್ಟುವ ಯೋಚನೆ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.