ಮಗಳ ಕಾಲೇಜನ್ನರಸಿ ಜಯನಗರದ ದಾರಿಯಲ್ಲಿ

ಪಿ.ಯು.ಸಿ. ಮುಗಿದ ಮೇಲೆ ಮುಂದೇನು ಎಂಬುದು ತಂದೆತಾಯಿಗಳ ನಿದ್ದೆಗೆಡಿಸುವ ಪ್ರಶ್ನೆ. ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದ ನಮ್ಮ ಮಗಳು, "ಅಪ್ಪಾಜಿ, ನಾನು ಬಿ.ಎ. ಓದುತ್ತೇನೆ. ನನಗೆ ಇತಿಹಾಸ ಇಷ್ಟ" ಎಂದಾಗ ಮನೆಯಲ್ಲಿ ಎರಡು ದಿನ ಮೌನವೇ ಆವರಿಸಿತು. ಕೊಬ್ಬರಿ ಮಾರಿ ಅವಳ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದೇ ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು. ನೋಡದೆಯೇ ಬೇಡವೆನ್ನುವುದು ನ್ಯಾಯವಲ್ಲವೆಂದು 2025ರ ಮೇ ತಿಂಗಳಿನ ಒಂದು ದಿನ ನಾವು ಮೂವರೂ ತಿಪಟೂರಿನಿಂದ ಬೆಂಗಳೂರಿಗೆ ಹೊರಟೆವು.

ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದೆವು. ರೈಲು ನಿಲ್ದಾಣಕ್ಕೇ ಹೆಸರು ಕೊಟ್ಟ ಆ ವಿದ್ಯಾಲಯದ ಮೂಲ 1917ರಲ್ಲಿ ಹುಟ್ಟಿದ ಶಾಲೆ. ಕಾಲೇಜು ಆರಂಭವಾದುದು 1945ರಲ್ಲಿ. ಗೌರಿಬಿದನೂರಿನ ಹೊಸೂರಿನಿಂದ ಓದಲು ಬಂದ ಬಡ ಹುಡುಗನೊಬ್ಬ ಇಲ್ಲಿಯೇ ಅಧ್ಯಾಪಕನಾಗಿ, ಪ್ರಾಂಶುಪಾಲನಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಕಥೆ ಎಚ್. ನರಸಿಂಹಯ್ಯನವರದು. ಅವರು ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಸರಳವಾಗಿ ಬಾಳಿದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ಪದವಿಗಿಂತ ಪ್ರಶ್ನಿಸುವ ಮನಸ್ಸು ದೊಡ್ಡದೆಂಬುದು ಅವರ ನಿಲುವು. ಈ ಮಾತನ್ನು ಮಗಳಿಗೆ ಹೇಳುತ್ತಿದ್ದಂತೆ, ಅದು ನಮಗೂ ಅನ್ವಯಿಸುತ್ತದೆಂಬುದು ಹೊಳೆದು ಸುಮ್ಮನಾದೆವು.

ಲಾಲ್‌ಬಾಗಿನ ಪಶ್ಚಿಮ ದ್ವಾರವನ್ನು ಬಳಸಿ, ಆರ್.ವಿ. ರಸ್ತೆಯ ಮರಗಳ ನೆರಳಿನಲ್ಲಿ ನಡೆದೆವು. ದಾರಿಯುದ್ದಕ್ಕೂ ಶಾಲೆ ಕಾಲೇಜುಗಳೇ. ಮುಂದೆ ಜಯನಗರ. 1948ರಲ್ಲಿ ರೂಪುಗೊಳ್ಳತೊಡಗಿದ ಈ ಬಡಾವಣೆಗೆ ಜಯಚಾಮರಾಜ ಒಡೆಯರ ಹೆಸರು. ಮೂರನೆಯ ಬ್ಲಾಕಿನಲ್ಲಿ, ಹೆಣ್ಣುಮಕ್ಕಳಿಗಾಗಿ 1973ರಲ್ಲಿ ತೆರೆದ ಎನ್.ಎಂ.ಕೆ.ಆರ್.ವಿ. ಕಾಲೇಜಿದೆ. ಅಲ್ಲಿ ಪ್ರಾಂಶುಪಾಲರಾಗಿದ್ದ ಸಿ.ಎನ್. ಮಂಗಳಾ ಅವರು ಸ್ತ್ರೀಯರ ಬದುಕಿಗೆ ಸಂಬಂಧಿಸಿದ ವಸ್ತುಗಳನ್ನು ಕೂಡಿಸಿ 'ಶಾಶ್ವತಿ' ಸಂಗ್ರಹಾಲಯವನ್ನು ಕಟ್ಟಿದ್ದರು. ಅಜ್ಜಿಯರ ಒರಳು, ಪೆಟ್ಟಿಗೆಗಳೂ ಚರಿತ್ರೆಯೇ ಎಂಬ ವಿಚಾರ ನಮ್ಮ ಮನೆಯಾಕೆಗೆ ಬಹಳ ಹಿಡಿಸಿತು.

ಆ ದಿನ ಇನ್ನೂ ಎರಡು ಸಣ್ಣ ಕಾಲೇಜುಗಳನ್ನು ಕಂಡೆವು. ಮೊದಲನೆಯದರ ಕಟ್ಟಡ ಗಾಜಿನಂತೆ ಹೊಳೆಯುತ್ತಿತ್ತು. ಗ್ರಂಥಾಲಯ ತೋರಿಸಿರೆಂದರೆ ಬೀಗದ ಕೈ ಸಿಗಲಿಲ್ಲ. ಎರಡನೆಯದು ಹಳೆಯ ಕಟ್ಟಡ. ಗೋಡೆಗೆ ಸುಣ್ಣ ಕಂಡು ವರ್ಷಗಳಾಗಿದ್ದವು. ಆದರೆ ಗ್ರಂಥಾಲಯದ ಪುಸ್ತಕಗಳ ಮೂಲೆಗಳು ಓದಿ ಓದಿ ಸವೆದಿದ್ದವು. ಮಗಳು ಕೇಳಿದ ಒಂದು ಪ್ರಶ್ನೆಗೆ ಉಪನ್ಯಾಸಕಿಯೊಬ್ಬರು ತಮ್ಮ ಊಟದ ಡಬ್ಬಿ ಮುಚ್ಚಿಟ್ಟು ಅರ್ಧ ಗಂಟೆ ಉತ್ತರಿಸಿದರು. ತರಗತಿಯಲ್ಲಿ ಹಿಂದಿನ ವರ್ಷ ಇದ್ದವರು ಹದಿನೆಂಟು ಮಂದಿಯಂತೆ. "ಮಕ್ಕಳು ಕಡಿಮೆಯಾದರೆ ಈ ವಿಷಯಗಳ ಜೋಡಿಯನ್ನು ನಿಲ್ಲಿಸಬೇಕಾಗಬಹುದು" ಎಂದು ಅವರು ಮುಚ್ಚಿಡದೆ ಹೇಳಿದರು.

ಸಂಜೆ ಬನಶಂಕರಿಯ ನಮ್ಮ ಭಾವಮೈದುನರ ಮನೆಯಲ್ಲಿ ಚರ್ಚೆಯೇ ಚರ್ಚೆ. "ಭಾವ, ಬಿ.ಎ. ಮಾಡಿದರೆ ಕೆಲಸ ಯಾರು ಕೊಡುತ್ತಾರೆ?" ಎಂಬುದು ಅವರ ಕಳಕಳಿ. ಸರ್ಜಾಪುರದ ಕಡೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ನೀಡುತ್ತದೆ. ಆದರೆ ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಅರ್ಜಿಯ ಅವಧಿ ಮುಗಿದುಹೋಗಿತ್ತು. ಇದು ನಮ್ಮದೇ ಅಲಕ್ಷ್ಯ. ಇನ್ನು ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಸರ್ಕಾರ 2024ರಲ್ಲಿ ಕೈಬಿಟ್ಟು, ಮತ್ತೆ ಮೂರು ವರ್ಷಕ್ಕೆ ಮರಳಿದೆ. ಹಾಗಾಗಿ ಪದವಿಯ ಬಳಿಕ ಎಂ.ಎ., ಕಾನೂನು, ಬಿ.ಇಡಿ., ಆಡಳಿತ ಸೇವೆಯ ಪರೀಕ್ಷೆಗಳಲ್ಲಿ ಯಾವುದಕ್ಕೆ ಸಿದ್ಧತೆ ಎಂಬುದನ್ನು ಮೊದಲೇ ಯೋಚಿಸುವುದು ಲೇಸು.

ಎಲ್ಲವನ್ನೂ ಕೇಳಿಸಿಕೊಂಡ ಮಗಳು, "ಅಪ್ಪಾಜಿ, ನಾನು ಸೇರಿದರೆ ಒಬ್ಬಳು ಹೆಚ್ಚಾಗುತ್ತೇನಲ್ಲ, ತರಗತಿ ಉಳಿಯಬಹುದು" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಆ ಹಳೆಯ ಕಟ್ಟಡದಲ್ಲಿಯೇ ಅರ್ಜಿ ತುಂಬಿದೆವು. ಉಳಿದ ಹಣ ಅವಳ ಮುಂದಿನ ಓದಿಗೆಂದು ಬ್ಯಾಂಕಿನಲ್ಲಿಯೇ ಇದೆ.

ಇಂದು ಅವಳು ಮಾವನ ಮನೆಯಿಂದ ಮೆಟ್ರೊದಲ್ಲಿ ಓಡಾಡುತ್ತಾಳೆ. ಅವಳ ಗೆಳತಿಯರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಿಂದ ಬಿ.ಟಿ.ಎಂ. ಬಡಾವಣೆಯ ಕಡೆಯಿಂದ ಬರುವುದೂ ಸುಲಭವಾಗಿದೆ. ಕೆಲಸದ ಚಿಂತೆ ನಮಗೆ ಪೂರ್ತಿ ನೀಗಿಲ್ಲವೆಂಬುದು ನಿಜ. ಆದರೂ ಪೋಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಕಾಲೇಜು ನೋಡಲು ಹೋದಾಗ ಕಟ್ಟಡವನ್ನಲ್ಲ, ಗ್ರಂಥಾಲಯವನ್ನು ನೋಡಿರಿ, ಗುರುಗಳೊಡನೆ ಮಾತನಾಡಿರಿ. ಜೊತೆಯಲ್ಲಿ ಮಕ್ಕಳನ್ನು ಕರೆದೊಯ್ಯುವುದನ್ನು ಮರೆಯದಿರಿ. ಓದುವವರು ಅವರೇ ಅಲ್ಲವೆ?